ತಿಮಿಂಗಿಲದ ಲೆಕ್ಕ ಯಾರು ಇಡಬೇಕು?

ಪ್ರತಿ ವರ್ಷ ಒಂದಲ್ಲ ಒಂದು ಸಲ ಆ ಚಿತ್ರ ಫೇಸ್‌ಬುಕ್ಕಿನಲ್ಲಿ ತೇಲಿ ಬಂದೇ ಬರುತ್ತದೆ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳ ಯಾವುದೋ ಕೊಲ್ಲಿ, ದಡದವರೆಗೂ ಕೆಂಪಾದ ನೀರು, ಸಾಲಾಗಿ ಎಳೆದು ಹಾಕಿದ ಕಪ್ಪು ತಿಮಿಂಗಿಲಗಳು. ಕೆಳಗೆ ಒಬ್ಬರು 'ರಾಕ್ಷಸರು' ಎನ್ನುತ್ತಾರೆ, ಇನ್ನೊಬ್ಬರು 'ಅದು ಅವರ ಸಂಸ್ಕೃತಿ, ನಮಗೇನು' ಎನ್ನುತ್ತಾರೆ. ಈ ಸಲ ಗೆಳೆಯರೊಬ್ಬರು ನನ್ನನ್ನೇ ಟ್ಯಾಗ್ ಮಾಡಿ, 'ಮೀನು ತಿನ್ನುವವರು ನೀವು, ನೀವೇ ಹೇಳಿ' ಎಂದು ಕೆಣಕಿದ್ದಾರೆ. ಕೆಣಕಿದ ಮೇಲೆ ಉದ್ದಕ್ಕೇ ಓದಬೇಕಾಗುತ್ತದೆ, ಬೇಸರಿಸಬೇಡಿ.

ಮೊದಲು ಆ ಚಿತ್ರದ ವಿಷಯ. ಅಲ್ಲಿ ಕೊಲ್ಲುವುದು ಪೈಲಟ್ ತಿಮಿಂಗಿಲಗಳನ್ನು. ದೋಣಿಗಳನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ ಹಿಂಡನ್ನು ಆಳವಿಲ್ಲದ ನೀರಿಗೆ ಅಟ್ಟುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತವರು ಉಸಿರಾಟದ ರಂಧ್ರಕ್ಕೆ ಮೊಂಡು ಕೊಕ್ಕೆ ಸಿಕ್ಕಿಸಿ ಪ್ರಾಣಿಯನ್ನು ಎಳೆದುಕೊಂಡು, ಕತ್ತಿನ ಹಿಂದೆ ವಿಶೇಷ ಭರ್ಜಿ ಇಳಿಸಿ ಬೆನ್ನುಹುರಿ ಕತ್ತರಿಸುತ್ತಾರೆ. ತರಬೇತಿ ಪಡೆಯದವರು ಹೀಗೆ ಕೊಲ್ಲುವಂತಿಲ್ಲ. 2015ರಿಂದ ಅದು ಕಾನೂನು. ಮಾಂಸವನ್ನು ಬೇಟೆಗೆ ಬಂದವರಿಗೂ ಊರಿನವರಿಗೂ ಪಾಲು ಹಾಕಿ ಹಂಚುತ್ತಾರೆ. ಬೇಟೆಯ ದಾಖಲೆಗಳು 1584ರಷ್ಟು ಹಳೆಯವು. ಕೊಲ್ಲಿ ಕೆಂಪಾಗುವುದು ಕೊಲ್ಲುವ ಕೆಲಸ ಬಯಲಲ್ಲಿ ನಡೆಯುವುದರಿಂದ. ಕೋಳಿ ಕತ್ತರಿಸುವ ಕಾರ್ಖಾನೆಯ ಚರಂಡಿಯ ಚಿತ್ರವನ್ನು ಯಾರೂ ಹಂಚುವುದಿಲ್ಲ, ಅಷ್ಟೇ.

ಹಾಗೆಂದು ಫೆರೋ ಜನರ ವಕಾಲತ್ತು ವಹಿಸಲು ನಾನು ಹೊರಟಿಲ್ಲ. 2021ರ ಸೆಪ್ಟೆಂಬರ್ 12ರಂದು ಅಲ್ಲಿ ಒಂದೇ ದಿನ 1,428 ಡಾಲ್ಫಿನ್‌ಗಳನ್ನು ಕೊಂದರು. ಅಷ್ಟು ದೊಡ್ಡ ಹಿಂಡಿಗೆ ಸಾಕಾಗುವಷ್ಟು ಜನ ದಡದಲ್ಲಿರಲಿಲ್ಲ. ಪ್ರಾಣಿಗಳು ದಡದಲ್ಲೇ ಒದ್ದಾಡುತ್ತಾ ಸರದಿ ಕಾದವು. ಬೇಟೆಯನ್ನು ಬೆಂಬಲಿಸುತ್ತಿದ್ದ ಸ್ಥಳೀಯರೇ ಸಿಟ್ಟಿಗೆದ್ದರು. ಮರುವರ್ಷ ಸರ್ಕಾರ ಡಾಲ್ಫಿನ್ ಬೇಟೆಗೆ ವರ್ಷಕ್ಕೆ 500ರ ಮಿತಿ ಹಾಕಿತು. ಆ ಮಿತಿಯೂ ನನಗೆ ಒಪ್ಪಿಗೆಯಿಲ್ಲ. ಅದಕ್ಕೂ ಮೊದಲೇ, 2008ರಲ್ಲಿ, ಪೈಲಟ್ ತಿಮಿಂಗಿಲದ ಮಾಂಸದಲ್ಲಿ ಪಾದರಸ ಮಿತಿಮೀರಿದೆ, ಮನುಷ್ಯರು ತಿನ್ನಲು ಯೋಗ್ಯವಲ್ಲ ಎಂದು ಅಲ್ಲಿನ ವೈದ್ಯಾಧಿಕಾರಿಗಳೇ ಹೇಳಿದ್ದರು. ಊಟಕ್ಕೆಂದು ಶುರುವಾದ ಬೇಟೆಗೆ ಇದಕ್ಕಿಂತ ದೊಡ್ಡ ತಕರಾರು ಏನಿದೆ? ಅಂದಹಾಗೆ ಆ ಪಾದರಸದ ಬಹುಪಾಲು ಫೆರೋದ್ದಲ್ಲ, ಬೇರೆ ದೇಶಗಳ ಚಿಮಣಿಗಳಿಂದ ಹೊರಟು ಅಲ್ಲಿಗೆ ತಲುಪಿದ್ದು.

ಈಗ ಅಲಾಸ್ಕಾಗೆ ಬನ್ನಿ. ನನ್ನ ಅಭಿಪ್ರಾಯ ರೂಪುಗೊಂಡದ್ದು ಅಲ್ಲಿನ ಕಥೆಯಿಂದ.

1848ರಲ್ಲಿ ಅಮೆರಿಕದ ತಿಮಿಂಗಿಲ ಹಡಗೊಂದು ಬೇರಿಂಗ್ ಜಲಸಂಧಿ ದಾಟಿ ಉತ್ತರಕ್ಕೆ ಹೋಯಿತು. ಅಲ್ಲಿ ಸಿಕ್ಕ ಬೋಹೆಡ್ ತಿಮಿಂಗಿಲಗಳ ಕೊಬ್ಬು ದೀಪದ ಎಣ್ಣೆಯಾಯಿತು. ಅವುಗಳ ಬಾಯಿಯೊಳಗಿನ ಜರಡಿಯಂಥ ಪಟ್ಟಿಗಳು ಯುರೋಪು, ಅಮೆರಿಕದ ಹೆಂಗಸರ ಬಿಗಿಯಂಗಿಗಳಿಗೆ ಕಡ್ಡಿಗಳಾದವು. ಹಡಗುಗಳ ಹಿಂದೆ ಹಡಗುಗಳು ಬಂದವು. ಅರ್ಧ ಶತಮಾನದಲ್ಲಿ ತಿಮಿಂಗಿಲಗಳು ಮುಗಿಯುತ್ತಾ ಬಂದವು. ಅದೇ ತೀರದಲ್ಲಿ ಅಲಾಸ್ಕಾದ ಮೂಲನಿವಾಸಿಗಳಾದ ಇನ್ಯುಪಿಯಾಟ್ ಜನ ಸೀಲ್ ಚರ್ಮ ಹೊಲಿದ ದೋಣಿಗಳಲ್ಲಿ ಅದೇ ತಿಮಿಂಗಿಲವನ್ನು ಎಷ್ಟೋ ಶತಮಾನಗಳಿಂದ ಹಿಡಿದು ತಿನ್ನುತ್ತಿದ್ದರು. ಹಡಗುಗಳು ಹೋದ ಮೇಲೂ ಅವರು ಅಲ್ಲೇ ಉಳಿದರು, ಬೇರೆಲ್ಲಿಗೆ ಹೋಗುತ್ತಾರೆ?

1977ರಲ್ಲಿ, ತಿಮಿಂಗಿಲ ಬೇಟೆಗೆ ನಿಯಮ ಹಾಕುವ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅವರ ಬೇಟೆಯನ್ನೇ ನಿಷೇಧಿಸಲು ಹೊರಟಿತು. ಉಳಿದಿರುವುದು ಹೆಚ್ಚೆಂದರೆ ಒಂದೆರಡು ಸಾವಿರ ಎಂಬುದು ವಿಜ್ಞಾನಿಗಳ ಅಂದಾಜು. ದರೋಡೆ ಮಾಡಿದವರು ಊರು ಬಿಟ್ಟ ಮೇಲೆ ಪಕ್ಕದ ಮನೆಯವನಿಗೆ ಕೋಳ ಹಾಕಿದಂತೆ. ಇನ್ಯುಪಿಯಾಟ್ ಹಿರಿಯರು ಹೇಳಿದ್ದು ಇಷ್ಟು: ನೀವು ಎಣಿಸುತ್ತಿರುವುದು ಕಣ್ಣಿಗೆ ಕಾಣುವ ತೆರೆದ ನೀರಿನಲ್ಲಿ ಹೋಗುವವುಗಳನ್ನು ಮಾತ್ರ, ಬೋಹೆಡ್ ಹಿಮದ ಹಾಸಿನ ಕೆಳಗೂ ಈಜುತ್ತದೆ, ತಲೆಯಿಂದ ಹಿಮ ಒಡೆದು ಉಸಿರು ತೆಗೆದುಕೊಳ್ಳುತ್ತದೆ. ಅವರು ತಮ್ಮದೇ ಬೇಟೆಗಾರರ ಆಯೋಗ ಕಟ್ಟಿಕೊಂಡರು, ಕೋಟಾಕ್ಕೆ ಒಪ್ಪಿದರು, ವಿಜ್ಞಾನಿಗಳನ್ನು ಹಿಮದ ಮೇಲೆ ಕರೆದುಕೊಂಡು ಹೋದರು. ನೀರಿನೊಳಗೆ ಮೈಕ್ ಇಳಿಸಿ ಕೇಳಿದಾಗ ಹಿಮದಡಿಯಿಂದ ತಿಮಿಂಗಿಲಗಳ ದನಿ ಬಂತು. ಹಿರಿಯರ ಮಾತು ನಿಜವಾಗಿತ್ತು. 2011ರ ಎಣಿಕೆಯ ಹೊತ್ತಿಗೆ ಸಂಖ್ಯೆ 16,000 ದಾಟಿತ್ತು, ಅದೂ ಬೇಟೆ ಮುಂದುವರಿದೇ. 2007ರಲ್ಲಿ ಹಿಡಿದ ಒಂದು ತಿಮಿಂಗಿಲದ ಕತ್ತಿನಲ್ಲಿ 1880ರ ಆಸುಪಾಸಿನ ಸಿಡಿಗುಂಡಿನ ಚೂರು ಸಿಕ್ಕಿತು. ವ್ಯಾಪಾರಿಗಳ ಕಾಲದಲ್ಲಿ ಪೆಟ್ಟು ತಿಂದು ಬದುಕಿದ್ದ ಜೀವ ನೂರಕ್ಕೂ ಹೆಚ್ಚು ವರ್ಷ ಅದನ್ನು ಮೈಯಲ್ಲಿಟ್ಟುಕೊಂಡೇ ತಿರುಗಿತ್ತು.

ಇಷ್ಟು ಓದಿದವರು, 'ಹಾಗಾದರೆ ಸಂಸ್ಕೃತಿಗಾಗಿ ಕೊಂದರೆ ಸರಿ, ದುಡ್ಡಿಗಾಗಿ ಕೊಂದರೆ ತಪ್ಪು, ಅಲ್ಲವೇ?' ಎಂದು ಕೇಳಬಹುದು. ಅಲ್ಲ. ಆ ಗೆರೆಯನ್ನೇ ನಾನು ಒಪ್ಪುವುದಿಲ್ಲ.

ಸೀಲ್ ಬೇಟೆಯನ್ನು ನೋಡಿ. ಕೆನಡಾದ ಪೂರ್ವ ತೀರದಲ್ಲಿ ಬಿಳಿ ತುಪ್ಪಳದ ಹಾರ್ಪ್ ಸೀಲ್ ಮರಿಗಳನ್ನು ಬಡಿದು ಕೊಲ್ಲುವ ಚಿತ್ರಗಳು ಜಗತ್ತಿನ ಕಣ್ಣಲ್ಲಿ ನೀರು ತರಿಸಿದವು. 1983ರಲ್ಲಿ ಯುರೋಪು ಆ ಮರಿಗಳ ಚರ್ಮದ ಆಮದು ನಿಲ್ಲಿಸಿತು. ಸರಿಯಾದ ಕೆಲಸವೇ. ಆದರೆ ಪೆಟ್ಟು ಬಿದ್ದದ್ದು ಆ ಮರಿಗಳನ್ನು ಮುಟ್ಟದ, ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನ್ಯುಟ್ ಜನರಿಗೂ. ಅವರು ಹಿಡಿಯುವುದು ಮುಖ್ಯವಾಗಿ ರಿಂಗ್ಡ್ ಸೀಲ್ ಎಂಬ ಬೇರೆಯೇ ಜಾತಿ. ಮಾಂಸ ಮನೆಯವರಿಗೆ, ನಾಯಿಗಳಿಗೆ. ಚರ್ಮ ಮಾರಿದ ದುಡ್ಡು ಬಂದೂಕಿನ ಗುಂಡಿಗೆ, ಹಿಮವಾಹನದ ಪೆಟ್ರೋಲಿಗೆ. ಅವರಿಗೆ ವಿನಾಯಿತಿ ಇತ್ತು, ನಿಜ. ಆದರೆ ಕೊಳ್ಳುವವರಿಗೆ ಸೀಲ್ ಎಂಬ ಹೆಸರೇ ಬೇಡವಾದ ಮೇಲೆ ವಿನಾಯಿತಿ ಇಟ್ಟುಕೊಂಡು ಏನು ಮಾಡುವುದು? ಬೆಲೆ ಕುಸಿಯಿತು. 2009ರ ನಿಷೇಧದಲ್ಲೂ ಯುರೋಪು ಅವರಿಗೆ ಬಾಗಿಲು ತೆರೆದಿಟ್ಟಿತು. ಆದರೆ 2015ರ ತಿದ್ದುಪಡಿಯಲ್ಲಿ, ಬೇಟೆಯ ಮುಖ್ಯ ಉದ್ದೇಶ ವ್ಯಾಪಾರ ಆಗಿರಬಾರದು ಎಂದು ಷರತ್ತು ಹಾಕಿತು. ಎಂದರೆ, ನೀನು ನಿನ್ನ ಅಜ್ಜನಂತೆ ಬದುಕುವುದಾದರೆ ಬೇಟೆಯಾಡು, ದುಡ್ಡು ಮಾಡಬೇಡ. ಹಂದಿಮಾಂಸವನ್ನು ಜಗತ್ತಿಗೆಲ್ಲ ಮಾರುವ ದೇಶಗಳು ಹೀಗೆ ಹೇಳುವಾಗ ನನಗೆ ನಗು ಬರುತ್ತದೆ.

2014ರ ಆಸ್ಕರ್ ಸಮಾರಂಭದಲ್ಲಿ ಚಿತ್ರತಾರೆಯರು ಒತ್ತೊತ್ತಾಗಿ ಸೇರಿ ತೆಗೆದುಕೊಂಡ ಆ ಪ್ರಸಿದ್ಧ ಸೆಲ್ಫಿ ನೆನಪಿದೆಯೇ? ಅದರಿಂದ ಬಂದ ದೇಣಿಗೆಯ ಒಂದು ಭಾಗ ಸೀಲ್ ಬೇಟೆಯನ್ನು ವಿರೋಧಿಸುವ ಸಂಸ್ಥೆಗೆ ಹೋಯಿತು. ಇನ್ಯುಟ್ ಜನ ಸೀಲ್ ಚರ್ಮದ ಅಂಗಿ, ಬೂಟು ತೊಟ್ಟು ತಮ್ಮ ಚಿತ್ರ ತೆಗೆದುಕೊಂಡು 'ಸೀಲ್ಫಿ' ಎಂದು ಹಂಚಿದರು. ಫೇಸ್‌ಬುಕ್ ಜಗಳಗಳಲ್ಲಿ ನಾನು ಕಂಡ ಅತ್ಯಂತ ಸಭ್ಯ ಉತ್ತರ ಅದು.

ಇನ್ನೊಂದು ಕಡೆ 'ಸಂಸ್ಕೃತಿ' ಎಂಬ ಮಾತನ್ನು ಅತಿ ಹೆಚ್ಚು ಗಟ್ಟಿಯಾಗಿ ಹೇಳುವವರಲ್ಲಿ ಜಪಾನ್ ಒಂದು. ತಾಯ್ಜಿಯಂಥ ಊರುಗಳಲ್ಲಿ ನಾನೂರು ವರ್ಷಗಳ ಕರಾವಳಿ ಬೇಟೆಯ ಇತಿಹಾಸ ಇರುವುದು ಸುಳ್ಳಲ್ಲ. ಆದರೆ ಕಾರ್ಖಾನೆ ಹಡಗು ಕಟ್ಟಿಕೊಂಡು ಅಂಟಾರ್ಕ್ಟಿಕಾಕ್ಕೆ ಹೋಗುವುದು ತಾಯ್ಜಿಯ ಯಾವ ಅಜ್ಜನ ಸಂಪ್ರದಾಯ? ಅದು ಶುರುವಾದದ್ದೇ 1930ರ ದಶಕದಲ್ಲಿ. ಆಮೇಲೆ 'ಸಂಶೋಧನೆ' ಎಂಬ ಹೆಸರಿನಲ್ಲಿ ನಡೆಸಿದರು. ಆ ಕಾರ್ಯಕ್ರಮ ಸಂಶೋಧನೆಗಾಗಿ ಅಲ್ಲ ಎಂದು 2014ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು. ಐಸ್‌ಲ್ಯಾಂಡ್ ಕನಿಷ್ಠ ಆ ನಾಟಕವನ್ನಾದರೂ ಬಿಟ್ಟಿದೆ. ಅಲ್ಲಿ ಫಿನ್ ತಿಮಿಂಗಿಲ ಹಿಡಿದದ್ದು ಮಾಂಸವನ್ನು ಜಪಾನಿಗೆ ಕಳಿಸಲು. ಕೆಲವು ತಿಮಿಂಗಿಲಗಳು ಸಾಯಲು ಎರಡು ಗಂಟೆಯವರೆಗೆ ಹಿಡಿಯಿತು ಎಂಬ ವರದಿ ಬಂದ ಮೇಲೆ 2023ರಲ್ಲಿ ಸಚಿವೆಯೊಬ್ಬರು ಬೇಟೆಯನ್ನು ಕೆಲಕಾಲ ನಿಲ್ಲಿಸಿದರು. ಹಸಿದವರಿಲ್ಲದ ಊರಿನಲ್ಲಿ ಎರಡು ಗಂಟೆಯ ಸಾವಿಗೆ ಯಾವ ಸಮರ್ಥನೆಯೂ ನನಗೆ ತೋಚುವುದಿಲ್ಲ.

ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ. ಕೊಂದವರ ಊರಿನಲ್ಲೇ ಅದು ಊಟವಾಗುತ್ತದೆಯೇ, ಬಟ್ಟೆಯಾಗುತ್ತದೆಯೇ, ಅವರ ಸಂಸಾರ ನಡೆಸುತ್ತದೆಯೇ? ಲೆಕ್ಕ ತಪ್ಪಾದರೆ ಮುಂದಿನ ವರ್ಷ ಉಪವಾಸ ಬೀಳುವವರು ಅವರೇ ಆಗಿರುತ್ತಾರೆಯೇ? ಲೆಕ್ಕವನ್ನು ಹೊರಗಿನವರೂ ನೋಡಬಹುದೇ? ಇನ್ಯುಪಿಯಾಟ್ ಮೂರಕ್ಕೂ ಹೌದು ಎನ್ನಬಲ್ಲರು. ಫೆರೋ ಜನ ಪಾದರಸದ ವರದಿಯಲ್ಲೇ ಮುಗ್ಗರಿಸುತ್ತಾರೆ.

ಮೂರನೆಯ ಪ್ರಶ್ನೆಗೆ ಉದಾಹರಣೆ ನಮ್ಮದೇ ಸಮುದ್ರದಲ್ಲಿದೆ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳು ಉಳಿದ ಹಂಪ್‌ಬ್ಯಾಕ್‌ಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತವೆ. 1966ರಲ್ಲಿ ಸೋವಿಯತ್ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರದಾಚೆ ಅವುಗಳಲ್ಲಿ ಸುಮಾರು 240ನ್ನು ಕದ್ದು ಕೊಂದವು. ಇಂದು ಒಮಾನ್ ತೀರದಲ್ಲಿ ಉಳಿದಿರುವುದು ನೂರಕ್ಕಿಂತ ಕಡಿಮೆ. ಅದು ಯಾರ ಸಂಸ್ಕೃತಿಯೂ ಅಲ್ಲ, ಸರಿಯಾದ ವ್ಯಾಪಾರವೂ ಅಲ್ಲ; ಮಾಸ್ಕೋದ ಯೋಜನೆಯಲ್ಲಿ ಬರೆದಿದ್ದ ಟನ್ ಲೆಕ್ಕ ತುಂಬಿಸುವ ಕೆಲಸ. ಸೋವಿಯತ್ ಒಕ್ಕೂಟ ಆಗ ಅಂತರರಾಷ್ಟ್ರೀಯ ಆಯೋಗದ ಸದಸ್ಯ ದೇಶವೇ. ಹಡಗಿನಲ್ಲಿದ್ದ ತನಿಖಾಧಿಕಾರಿಗಳು ಅವರದೇ ದೇಶದವರು, ಆಯೋಗಕ್ಕೆ ಹೋದ ಅಂಕಿಗಳು ಸುಳ್ಳು. 1972ರಲ್ಲಿ ಹೊರದೇಶದ ವೀಕ್ಷಕರು ಹಡಗು ಹತ್ತಿದ ಮೇಲೆಯೇ ಆ ಕಳ್ಳಬೇಟೆ ಬಹುಮಟ್ಟಿಗೆ ನಿಂತದ್ದು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು ಹೊರನಡೆದು, ಎಷ್ಟು ಕೊಲ್ಲಬೇಕು ಎಂಬುದನ್ನು ಈಗ ತಾನೇ ತೀರ್ಮಾನಿಸಿಕೊಳ್ಳುತ್ತಿದೆ. ನನ್ನನ್ನು ಟ್ಯಾಗ್ ಮಾಡಿದ ಗೆಳೆಯರು ಫೆರೋದ ಚಿತ್ರದ ಜೊತೆಗೆ ಈ ಸುದ್ದಿಯನ್ನೂ ಹಂಚಲಿ.