ತಪ್ಪು ಬೆರಳಿನದಲ್ಲ

ನಿನ್ನೆ ಶಿವಮೊಗ್ಗದ ಸೈಬರ್ ಜಾಗೃತಿ ಸಭೆಯಿಂದ ಹೊರಬಂದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. "ಗುರುತಿಲ್ಲದ ಲಿಂಕ್ ಒತ್ತಬೇಡಿ, ಬರಿಯ ಫೋಟೋದಿಂದ ಏನೂ ಆಗುವುದಿಲ್ಲ" ಎಂದು ಭಾಷಣಕಾರರು ಹೇಳಿದಾಗ ಪಕ್ಕದಲ್ಲಿದ್ದ ಚಿಕ್ಕಪ್ಪ ಸಮಾಧಾನದಿಂದ ತಲೆಯಾಡಿಸಿದರು. ಲಿಂಕಿನ ಮಾತು ಸರಿ. ಫೋಟೋದ ಮಾತು ಸುಳ್ಳು.

ಫೋಟೋ ಎಂಬುದು ಫೋನಿನ ಪಾಲಿಗೆ ಬಿಡಿಸಿ ಓದಬೇಕಾದ ಅಂಕಿಗಳ ಕಟ್ಟು. ಅದರ ಮೊದಲಲ್ಲೇ ಚಿತ್ರದ ಅಗಲ, ಎತ್ತರ ಬರೆದಿರುತ್ತದೆ. ಓದುವ ತಂತ್ರಾಂಶ ಅವೆರಡನ್ನು ಗುಣಿಸಿ ಮೆಮೊರಿ ಕಾದಿರಿಸುತ್ತದೆ. ಯಾರಾದರೂ ಬೇಕೆಂದೇ ಎರಡೂ ಕಡೆ 65,536 ಎಂದು ಬರೆದರೆ, 32 ಬಿಟ್‌ಗಳ, ಅಂದರೆ ಸೊನ್ನೆ-ಒಂದು ಬರೆಯುವ 32 ಮನೆಗಳ, ಲೆಕ್ಕದಲ್ಲಿ ಗುಣಲಬ್ಧ ಹಿಡಿಸದೆ ಸೊನ್ನೆಯಾಗುತ್ತದೆ. ಆಗ ಜಾಗವಿಲ್ಲದ ಕಡೆ ಸುರಿದ ಮಾಹಿತಿ ಪಕ್ಕದ ಮೆಮೊರಿಯ ಮೇಲೆ ಚೆಲ್ಲುತ್ತದೆ. ಎಲ್ಲಿ ಏನು ಚೆಲ್ಲಬೇಕೆಂದು ಮೊದಲೇ ಲೆಕ್ಕ ಹಾಕಿದವನ ಕೈಗೆ ಫೋನು ಸಿಕ್ಕಿಬಿಡಬಹುದು. ನಮ್ಮ ಅಡಿಕೆ ಮಂಡಿಯಲ್ಲಿ ಚೀಟಿಯ ತೂಕವನ್ನು ಯಾರೂ ನಂಬುವುದಿಲ್ಲ, ಮೂಟೆಯನ್ನು ತೂಗಿಯೇ ಲೆಕ್ಕ ಬರೆಯುತ್ತಾರೆ; ಈ ತಂತ್ರಾಂಶ ಮಾತ್ರ ಚೀಟಿಯನ್ನೇ ನಂಬುತ್ತದೆ.

2021ರಲ್ಲಿ ಗಿಫ್ ಚಿತ್ರವೆಂಬ ಹೆಸರು ಹೊತ್ತು ಐಫೋನಿನ ಸಂದೇಶ ಸೇವೆಯಾದ ಐಮೆಸೇಜ್‌ಗೆ ಬಂದ ಪಿಡಿಎಫ್ ಕಡತವೊಂದು, ಯಾರೂ ಮುಟ್ಟದೆಯೇ, ಐಫೋನಿನೊಳಗೆ ಪೆಗಾಸಸ್ ಬೇಹು ತಂತ್ರಾಂಶಕ್ಕೆ ದಾರಿ ಮಾಡಿತು. ಜೆಬಿಗ್2 ಎಂಬ ಹಳೆಯ ಚಿತ್ರ ಮಾದರಿಯನ್ನು ಓದುವ ಕೋಡಿನಲ್ಲಿ ಇಂಥದೇ ಲೆಕ್ಕದ ತಪ್ಪಿತ್ತು. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಮಾದರಿಯ ಚಿತ್ರಗಳನ್ನು ಬಿಡಿಸುವ ಲಿಬ್‌ವೆಬ್‌ಪಿ ತಂತ್ರಾಂಶದಲ್ಲಿ ಮೆಮೊರಿಯ ಮೇರೆ ಮೀರುವ ದೋಷ ಸಿಕ್ಕಿ, ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳೆಲ್ಲವೂ ತುರ್ತಾಗಿ ತಿದ್ದಿಕೊಳ್ಳಬೇಕಾಯಿತು. ಇಲ್ಲಿ ಬೆರಳು ಮಾಡಿದ ತಪ್ಪೇನು?

ಬೆಂಗಳೂರಿನಲ್ಲಿ ನಾನು ತಂತ್ರಾಂಶ ಬರೆಯುವ ಕೆಲಸ ಮಾಡುತ್ತಿದ್ದೆ. ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೀಗೆಯೇ ಅಗಲ, ಎತ್ತರಗಳನ್ನು ಪರೀಕ್ಷಿಸದೆ ಗುಣಿಸಿದ ಸಾಲುಗಳನ್ನು ನಾನೂ ಬರೆದಿದ್ದೇನೆ. ಅದನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ; ಬಳಸುವವರ ಮೇಲೆ ತಪ್ಪು ಹೊರಿಸುವವರನ್ನು ಕಂಡಾಗ ಇಷ್ಟು ಸಿಟ್ಟು ಬರುವುದೂ ಅದಕ್ಕೇ. ಕ್ರೋಮ್‌ನಲ್ಲಿ ಸಿಕ್ಕ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಿಸಿದವು ಎಂದು ಅದನ್ನು ಕಟ್ಟುವವರೇ 2020ರಲ್ಲಿ ಹೇಳಿದ್ದಾರೆ. ಮೇರೆ ಮೀರಲು ಬಿಡದ ರಸ್ಟ್‌ನಂಥ ಭಾಷೆ ಇರುವಾಗ ಅಪರಿಚಿತರ ಚಿತ್ರ ಓದುವ ಕೋಡನ್ನು ಇನ್ನೂ ಸಿಯಲ್ಲೇ ಉಳಿಸಿಕೊಳ್ಳುವುದು ಏಕೆ?

ಇಂಥ ದಾಳಿಗಳು ಪತ್ರಕರ್ತರ, ಹೋರಾಟಗಾರರ ಮೇಲೆ ನಡೆಯುತ್ತವೆ, ಅಡಿಕೆ ಬೆಳೆಗಾರರ ಫೋನು ಯಾರಿಗೆ ಬೇಕು ಎನ್ನುತ್ತೀರಿ. ದುಬಾರಿ ದಾಳಿಗಳ ಗುರಿ ಅವರೇ ಎಂಬುದು ನಿಜ. ಆದರೆ ದೋಷ ಬಹಿರಂಗವಾದ ಮೇಲೆ, ತಿದ್ದುಪಡಿ ತಲುಪದ ಪ್ರತಿ ಫೋನಿನಲ್ಲೂ ಆ ಬಾಗಿಲು ತೆರೆದೇ ಇರುತ್ತದೆ. ಚಿಕ್ಕಪ್ಪನ ಬ್ಯಾಂಕ್ ಖಾತೆಯೂ ಅದೇ ಫೋನಿನಲ್ಲಿದೆ.

ರಾತ್ರಿ ಮನೆಗೆ ಬಂದು ಅವರ ಫೋನ್ ತೆಗೆದು ನೋಡಿದೆ. ಕೊನೆಯ ಭದ್ರತಾ ಅಪ್‌ಡೇಟ್ 2022ರದು, ಲಿಬ್‌ವೆಬ್‌ಪಿಯ ದೋಷ ಸಿಗುವ ಮೊದಲಿನದು. ಹೊಸದಿದೆಯೇ ಎಂದು ಹುಡುಕಿದರೆ, ನಿಮ್ಮ ಫೋನ್ ಅಪ್‌ಡೇಟ್ ಆಗಿದೆ ಎಂದು ಬಂತು. "ನೋಡು, ಎಲ್ಲ ಸರಿಯಿದೆಯಲ್ಲ ಮಗಾ" ಎಂದರು ಚಿಕ್ಕಪ್ಪ.