ಶೋಲ್ಡರ್ ರಿಗ್ ಕಟ್ಟುವವರು ಮೊದಲು ಹಿಂದಿನ ತೂಕದ ಲೆಕ್ಕ ಹಾಕಿ

ಮೇ ಕೊನೆಯ ಪತ್ತನಾಜೆ ಕಳೆದರೆ ನಮ್ಮ ಕಾಸರಗೋಡು ಕಡೆ ದೈವದ ಕೋಲವೂ ಇಲ್ಲ, ಯಕ್ಷಗಾನ ಮೇಳದ ತಿರುಗಾಟವೂ ಇಲ್ಲ. ವಿಡಿಯೋ ಮಾಡುವ ಹುಡುಗರು ಪೈಪ್ ತುಂಡು ಮಾಡಿ ಶೋಲ್ಡರ್ ರಿಗ್ (ಕ್ಯಾಮೆರಾವನ್ನು ಹೆಗಲ ಮೇಲೆ ಹೊರುವ ಚೌಕಟ್ಟು) ಕಟ್ಟಿಕೊಳ್ಳಲು ಇದೇ ಹೊತ್ತು. ಆದರೆ ಹೆಚ್ಚಿನವರು ಮುಂದಿನ ಹಿಡಿಗಳ ಅಂದಕ್ಕೆ ತಲೆಕೆಡಿಸಿಕೊಂಡು, ಹಿಂದೆ ತೂಕ ಕಟ್ಟುವುದನ್ನು ಬಿಟ್ಟೇಬಿಡುತ್ತಾರೆ. ಹಿಂದೆ ತೂಕವಿಲ್ಲದ್ದನ್ನು ರಿಗ್ ಎಂದು ಕರೆಯಲೂ ನನಗೆ ಮನಸ್ಸಿಲ್ಲ. ಅದು ಕೈಯ ಭಾರ ಇಳಿಸುವುದಿಲ್ಲ, ಅದೇ ಭಾರವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ನಡುಗುತ್ತದೆ, ಆ ನಡುಕವೆಲ್ಲ ಚಿತ್ರದಲ್ಲಿ ಕಾಣುತ್ತದೆ.

ಲೆಕ್ಕ ತಕ್ಕಡಿಯದ್ದೇ. ಕ್ಯಾಮೆರಾ, ಲೆನ್ಸ್ ಸೇರಿ 1.2 ಕೆಜಿ, ಹೆಗಲಿನ ನಡುವಿನಿಂದ 25 ಸೆಂಮೀ ಮುಂದೆ ಇದೆ ಅಂದುಕೊಳ್ಳಿ: 1.2ನ್ನು 25ರಿಂದ ಗುಣಿಸಿದರೆ 30. ಹಲಗೆ, ಹಿಡಿಗಳು 300 ಗ್ರಾಂ, 20 ಸೆಂಮೀ ಮುಂದೆ: 6. ಒಟ್ಟು 36. ಹಿಂದೆ 20 ಸೆಂಮೀ ದೂರದಲ್ಲಿ ತೂಕ ಕಟ್ಟುವುದಾದರೆ 1.8 ಕೆಜಿ ಬೇಕು. 30 ಸೆಂಮೀ ಆದರೆ 1.2 ಕೆಜಿ ಸಾಕು. ಬಾಲ ಉದ್ದವಾದಷ್ಟೂ ಹೆಗಲಿಗೆ ಹಗುರ, ಆದರೆ ಕೋಲದ ಗದ್ದೆಯ ಜನಸಂದಣಿಯಲ್ಲಿ ತಿರುಗುವಾಗ ಹಿಂದಿದ್ದವರ ಮುಖಕ್ಕೇ ಬಡಿಯುತ್ತದೆ. ಅದಕ್ಕೆ 20 ಸೆಂಮೀ ದಾಟಬೇಡಿ ಎನ್ನುತ್ತೇನೆ.

ಕ್ಯಾಮೆರಾ ಎಷ್ಟು ಮುಂದಿರಬೇಕು ಎಂಬುದನ್ನು ನಿಮ್ಮ ಕಣ್ಣೇ ಹೇಳುತ್ತದೆ. ಬರಿಗಣ್ಣಿಗೆ ಸ್ಕ್ರೀನ್ ಸ್ಪಷ್ಟವಾಗಿ ಕಾಣಲು ಕನಿಷ್ಠ 25 ಸೆಂಮೀ ದೂರ ಬೇಕು, ನಲವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಹಾಗೆ ಇಟ್ಟರೆ ಕ್ಯಾಮೆರಾ ಹೆಗಲಿನಿಂದ 35-40 ಸೆಂಮೀ ಮುಂದೆ ಹೋಗಿ, ಹಿಂದಿನ ತೂಕ ಎರಡೂವರೆ ಕೆಜಿಗೆ ಏರುತ್ತದೆ. ಡಿಎಸ್ಎಲ್ಆರ್‌ನಲ್ಲಿ ವಿಡಿಯೋ ಹೊತ್ತಿಗೆ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕತ್ತಲಾಗುವ ಕಾರಣ, ಸ್ಕ್ರೀನಿಗೆ ಅಂಟಿಸುವ ಭೂತಗನ್ನಡಿಯ ಲೂಪ್ ಹಾಕಿ. ಕ್ಯಾಮೆರಾ ಹತ್ತಿರ ಬರುತ್ತದೆ, ಮುಖವೂ ರಿಗ್ಗಿಗೆ ಒತ್ತಿ ಇನ್ನೊಂದು ಆಧಾರ ಸಿಗುತ್ತದೆ.

ಈಗ ಪೈಪ್. ಕಂಗಿನ ತೋಟದಲ್ಲಿ ಉಳಿದ ತುಂಡುಗಳು ಎಲ್ಲರ ಮನೆಯಲ್ಲೂ ಇವೆ, ಆದರೆ ಎಡವುವುದೂ ಅಲ್ಲೇ. ನೀರಾವರಿಯ 25 ಎಂಎಂ ಪೈಪಿನ ಹೊರ ಅಳತೆ 25 ಮಿಮೀ. ಮನೆ ಪ್ಲಂಬಿಂಗಿನ ಮುಕ್ಕಾಲಿಂಚಿನದ್ದು 26.7 ಮಿಮೀ. 25 ಎಂಎಂ ಪೈಪಿಗೆ ಮುಕ್ಕಾಲಿಂಚಿನ ಟೀ, ಎಲ್ಬೋ ಹಾಕಿದರೆ ಸಡಿಲ, ಆ ಸಂದನ್ನು ಸೊಲ್ಯೂಷನ್ (ಪೈಪಿನ ಅಂಟು) ತುಂಬುವುದಿಲ್ಲ. ಬಿಸಿಲಿಗೆ ಬಿದ್ದು ಬೂದಿ ಹಿಡಿದಂತಾದ ಪೈಪ್ ಬೇಡವೇ ಬೇಡ, ಗರಗಸ ತಾಗಿದರೆ ಸೀಳುತ್ತದೆ. ದಪ್ಪ ಗೋಡೆಯ ಮುಕ್ಕಾಲಿಂಚಿನ ಹೊಸ ಪೈಪನ್ನೇ ತೆಗೆದುಕೊಳ್ಳಿ. 55 ಸೆಂಮೀಯ ಎರಡು ತುಂಡುಗಳನ್ನು 10 ಸೆಂಮೀ ಅಂತರದಲ್ಲಿ ಏಣಿಯಂತೆ ಜೋಡಿಸಿ. ಒಂದೇ ಪೈಪಿನ ಬೆನ್ನೆಲುಬು ತಿರುಚುತ್ತದೆ, ಚಿತ್ರ ಓಲಾಡುತ್ತದೆ.

ಹೆಗಲಿಗೆ 110 ಎಂಎಂ ಡ್ರೈನೇಜ್ ಪೈಪಿನ 12 ಸೆಂಮೀ ತುಂಡನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಹೆಗಲಿಗೆ ಅಡ್ಡವಾಗಿ ಕವುಚಿ ಕೂರಿಸಿ. ಅಂಚು ಉಜ್ಜಿ, ಒಳಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರ್, ಮೇಲೊಂದು ಬೈರಾಸು (ಟವೆಲ್) ಸುತ್ತಿ.

ಹೆಗಲಿನ ನೇರಕ್ಕೆ ಕಣ್ಣಿಲ್ಲ. ಬಲ ಹೆಗಲ ಮೇಲಿಟ್ಟರೆ ಕ್ಯಾಮೆರಾ ಸುಮಾರು 12 ಸೆಂಮೀ ಎಡಕ್ಕೆ ಬರಬೇಕು. 12 ಎಂಎಂ ಪ್ಲೈವುಡ್ ತುಂಡೊಂದನ್ನು ಎರಡೂ ಪೈಪಿಗೆ ಕ್ಲ್ಯಾಂಪ್ ಹಾಕಿ ಬಿಗಿದು ಎಡಕ್ಕೆ ಚಾಚಿ. ಆಗ ರಿಗ್ ಎಡಕ್ಕೆ ವಾಲುತ್ತದೆ, ಎಷ್ಟೋ ಜನರ ದಿಗಂತ ಓರೆಯಾಗುವುದು ಇದರಿಂದಲೇ. 1.2 ಕೆಜಿ 12 ಸೆಂಮೀ ಎಡಕ್ಕೆ ಇದ್ದರೆ, ಹಿಂದಿನ 1.8 ಕೆಜಿಯನ್ನು 8 ಸೆಂಮೀ ಬಲಕ್ಕೆ ಸರಿಸಿ. ಎರಡೂ ಬದಿ ಸಮವಾಗುತ್ತದೆ.

ತೂಕಕ್ಕೆ ಮರಳು ತುಂಬಿಸಬೇಡಿ. 50 ಎಂಎಂ ಪೈಪಿನ 15 ಸೆಂಮೀ ತುಂಡಿಗೆ ಮರಳು 400 ಗ್ರಾಂನಷ್ಟೇ ಹಿಡಿಯುತ್ತದೆ. ಮೀನುಬಲೆಗೆ ಕಟ್ಟುವ ಸೀಸದ ಮಣಿಗಳನ್ನು ತುಂಬಿದರೆ ಒಂದೂವರೆ ಕೆಜಿ ಆಸುಪಾಸು. ಕಲುಕುವ ಸದ್ದು ಮೈಕಿಗೆ ಸಿಗದಂತೆ ಬಟ್ಟೆ ಒತ್ತಿ, ಎರಡೂ ಕಡೆ ಎಂಡ್ ಕ್ಯಾಪ್ ಅಂಟಿಸಿ. ಸೀಸ ವಿಷ, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಉಳಿದ 300 ಗ್ರಾಂಗೆ ಪವರ್ ಬ್ಯಾಂಕ್ ಕಟ್ಟಿ, ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗದಲ್ಲಿ ಕೂರುವ, ವೈರ್ ಇರುವ ತುಂಡು) ಮೂಲಕ ಕ್ಯಾಮೆರಾಕ್ಕೆ ಕರೆಂಟೂ ಆಯಿತು.

ಬೋಲ್ಟಿನ ವಿಷಯದಲ್ಲಿ ಅವಸರ ಬೇಡ. ಕ್ಯಾಮೆರಾದ ಅಡಿಯ ಮರೆ (ಬೋಲ್ಟ್ ಕೂರುವ ಥ್ರೆಡ್) ಕಾಲಿಂಚಿನದ್ದು, ಇಂಚಿಗೆ 20 ಸುತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಎಂ6 ನೋಡಲು ಹಾಗೆಯೇ ಇದೆ, ಒಳಗೂ ಹೋಗುತ್ತದೆ, ಆದರೆ ಅದು 6 ಮಿಮೀ, ಮರೆಯೂ ಬೇರೆ. ಬಿಗಿದರೆ ಕ್ಯಾಮೆರಾದ ಮರೆಯೇ ಸವೆಯುತ್ತದೆ. ಉದ್ದವೂ ಮುಖ್ಯ: 5.5 ಮಿಮೀಗಿಂತ ಆಳ ಹೋದರೆ ಒಳಭಾಗಕ್ಕೆ ತಾಗಬಹುದು. ಮುಕ್ಕಾಲಿಂಚು ಅಂದರೆ 19 ಮಿಮೀ ಬೋಲ್ಟ್, ಪ್ಲೈವುಡ್ 12, ವಾಷರ್ ಒಂದೂವರೆ, ಜಾರದಂತೆ ಸೈಕಲ್ ಟ್ಯೂಬಿನ ತುಂಡು ಒಂದು ಮಿಮೀ, ಹೊರಗುಳಿಯುವುದು ನಾಲ್ಕೂವರೆ. ಅಷ್ಟೇ ಬೇಕಾದದ್ದು. ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟೀಲ್ ಬೋಲ್ಟನ್ನೇ ಕೇಳಿ.

ಹಿಡಿಗಳಿಗೆ ಅರ್ಧ ಇಂಚಿನ ಪೈಪ್ ಸಾಕು. ಅದರ ಹೊರ ಅಳತೆ 21.3 ಮಿಮೀ, ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದರೆ ಸೈಕಲ್ ಗ್ರಿಪ್ ಬಿಗಿಯಾಗಿ ಕೂರುತ್ತದೆ. ಮೊಣಕೈ ಪಕ್ಕೆಗೆ ಒತ್ತುವಷ್ಟು ಕೆಳಗೆ, ಹತ್ತಿರ ಇರಲಿ. ಬಿಳಿ ಪೈಪಿಗೆ ಸ್ಯಾಂಡ್ ಪೇಪರ್ ಉಜ್ಜಿ ಹೊಳಪಿಲ್ಲದ ಕಪ್ಪು ಬಣ್ಣ ಹಾಕಿ. ದೊಂದಿಯ ಬೆಳಕಿನಲ್ಲಿ ಬಿಳಿ ಪೈಪ್ ದೈವಕ್ಕಿಂತ ಮೊದಲು ಕಣ್ಣಿಗೆ ಬೀಳಬಾರದು.

ಇಷ್ಟಾದರೂ ನಡೆಯುವಾಗಿನ ಏರಿಳಿತ ಹೋಗುವುದಿಲ್ಲ, 85 ಎಂಎಂಗಿಂತ ಉದ್ದದ ಲೆನ್ಸಿನಲ್ಲಿ ಉಸಿರೂ ಕಾಣುತ್ತದೆ. ರಾತ್ರಿಯಿಡೀ ಬಯಲಾಟಕ್ಕೆ ರಂಗಸ್ಥಳದ ಎದುರು ಟ್ರೈಪಾಡೇ ಸರಿ. ರಿಗ್ ಇರುವುದು ವೇಷ ಕಟ್ಟುವ ಚೌಕಿಗೆ, ದೈವದ ಹಿಂದೆ ಸುತ್ತುವುದಕ್ಕೆ.

ಸೊಲ್ಯೂಷನ್ ಕೊನೆಗೆ. ಮೊದಲು ಎಲ್ಲವನ್ನೂ ಹಾಗೇ ಸಿಕ್ಕಿಸಿ, ಟೇಪ್ ಸುತ್ತಿ, ಕ್ಯಾಮೆರಾದ ಜಾಗದಲ್ಲಿ ಅಷ್ಟೇ ತೂಕದ ಅಕ್ಕಿ ಚೀಲ ಕಟ್ಟಿ ಹೆಗಲಿಗಿಟ್ಟು ಎರಡೂ ಕೈ ಬಿಡಿ. ಮೂತಿ ಕೆಳಗಾದರೆ ತೂಕ ಹಿಂದಕ್ಕೆ, ಎಡಕ್ಕೆ ವಾಲಿದರೆ ಬಲಕ್ಕೆ. ಅರ್ಧ ಗಂಟೆ ಅಂಗಳದಲ್ಲಿ ನಡೆದಾಡಿ, ಎಲ್ಲೂ ಒತ್ತದಿದ್ದರೆ ಪೆನ್ಸಿಲಿನಿಂದ ಗುರುತು ಹಾಕಿ ಅಂಟಿಸಿ, 24 ಗಂಟೆ ಬಿಟ್ಟು ಕ್ಯಾಮೆರಾ ಹಾಕಿ.