ಹೆಸರು ಬರುವಷ್ಟರಲ್ಲಿ ಮುಂದಿನ ಸಿನಿಮಾ

ಹೋದ ಭಾನುವಾರ ಎದುರು ಮನೆಯ ಅಣ್ಣ ನಮ್ಮ ಮನೆಗೆ ಬಂದಿದ್ದರು. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಅವರು ಎಲ್ಲರಿಗೂ ಫೈಟರ್ ಅಣ್ಣ. ಇಪ್ಪತ್ತು ವರ್ಷ ಹೀರೋಗಳ ಕೈಲಿ ಒದೆ ತಿಂದವರು, ಈಗ ಸೊಂಟ ನೋವು. ಅವರು ಕೆಲಸ ಮಾಡಿದ ಒಂದು ಸಿನಿಮಾ ಓಟಿಟಿಗೆ ಬಂದಿತ್ತು. ಎಲ್ಲರೂ ಕೂತು ನೋಡಿದೆವು. ಕ್ಲೈಮ್ಯಾಕ್ಸ್ ಮುಗಿಯಿತು. ಅಣ್ಣ ಸ್ವಲ್ಪ ಮುಂದಕ್ಕೆ ಸರಿದು ಕೂತರು. ಫೈಟರ್‌ಗಳ ಹೆಸರು ಬರುವುದೇ ಕೊನೆಯಲ್ಲಿ ಅಲ್ವಾ?

ಅಷ್ಟರಲ್ಲಿ ಚಿತ್ರ ಕುಗ್ಗಿ ಮೂಲೆ ಸೇರಿತು. ಐದು, ನಾಲ್ಕು, ಮೂರು... ನಾನು ರಿಮೋಟ್ ಹುಡುಕುವಷ್ಟರಲ್ಲಿ ಬೇರೆ ಸಿನಿಮಾ ಶುರುವಾಗಿತ್ತು. "ಇರ್ಲಿ ಬಿಡಪ್ಪ" ಅಂದರು. ನನಗೆ ಬಿಡಲು ಆಗುತ್ತಿಲ್ಲ.

ಹೀರೋ ಗಾಳಿಯಲ್ಲಿ ಹಾರಿ ಒದೆಯುತ್ತಾನಲ್ಲ, ಅವನ ಸೊಂಟಕ್ಕೆ ರೋಪ್ ಕಟ್ಟಿರುತ್ತಾರೆ. ಇನ್ನೊಂದು ತುದಿ ಹಿಡಿದು ಹಲವರು ಒಟ್ಟಿಗೆ ಎಳೆಯುತ್ತಾರೆ. ಒಬ್ಬ ಲೆಕ್ಕ ತಪ್ಪಿದರೂ ಮೇಲಿರುವವನಿಗೆ ಪೆಟ್ಟು. ಆಮೇಲೆ ಗ್ರಾಫಿಕ್ಸ್‌ನಲ್ಲಿ ಹಗ್ಗ ಅಳಿಸುತ್ತಾರೆ, ಎಳೆದವರು ಮೊದಲೇ ಕಾಣುವುದಿಲ್ಲ. ಮಹಡಿಯಿಂದ ಬೀಳುವ ಡ್ಯೂಪ್‌ನ ಕೆಳಗೆ ಖಾಲಿ ರಟ್ಟಿನ ಡಬ್ಬಗಳು, ಮೇಲೊಂದು ಹಾಸಿಗೆ. ಬೀಳುವುದು ಮಾತ್ರ ನಿಜ. ನಮ್ಮೂರಿನ ಪಕ್ಕದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 2016ರ ನವೆಂಬರ್ 7ರಂದು ಏನಾಯಿತು ಅಂತ ನೆನಪಿದೆಯಲ್ಲ. ಶೂಟಿಂಗ್‌ಗಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿದ ಇಬ್ಬರು ನಟರು ವಾಪಸ್ ಬರಲಿಲ್ಲ. ಆ ದಿನ ಟಿವಿ ಮುಂದೆ ಕೂತು ಅಣ್ಣ ಊಟ ಮಾಡಿರಲಿಲ್ಲ.

ಕೆ.ಜಿ. ರಸ್ತೆಯ ಥಿಯೇಟರ್‌ಗಳಲ್ಲಿ ಟೈಟಲ್ ಕಾರ್ಡ್‌ನಲ್ಲಿ 'ಸಾಹಸ: ಥ್ರಿಲ್ಲರ್ ಮಂಜು' ಅಂತ ಬಂದರೆ ಶಿಳ್ಳೆ ಬೀಳುತ್ತಿತ್ತು. ನಾನೇ ಹೊಡೆದಿದ್ದೇನೆ. 2018ರ ಸಿನಿಮಾಗಳಿಗೆ ಕೊಟ್ಟ ರಾಷ್ಟ್ರ ಪ್ರಶಸ್ತಿಗಳಲ್ಲಿ ಸಾಹಸ ನಿರ್ದೇಶನದ್ದು ಬಂದಿದ್ದು ನಮ್ಮ ಕೆಜಿಎಫ್‌ಗೆ, ಅನ್ಬರಿವ್ ಜೋಡಿಗೆ ಮತ್ತು ವಿಕ್ರಮ್ ಮೋರ್‌ಗೆ. ಆಸ್ಕರ್‌ನವರೂ ಸ್ಟಂಟ್‌ಗೆ ಪ್ರಶಸ್ತಿ ಕೊಡುತ್ತೇವೆ ಅಂತ 2025ರಲ್ಲಿ ಹೇಳಿದರು, 2027ರ ಸಿನಿಮಾಗಳಿಂದ ಶುರು. ಮಾಸ್ಟರ್‌ಗಳಿಗೆ ಹೀಗೆ ಮರ್ಯಾದೆ ಸಿಗುತ್ತಿರುವುದು ನನಗೆ ತುಂಬಾ ಖುಷಿ. ಆದರೆ ಅವರ ಕೈಕೆಳಗೆ ಬಿದ್ದು ಎದ್ದವರಿಗೆ ಇರುವುದು ಆ ಕೊನೆಯ ಸಾಲುಗಳಷ್ಟೇ.

ಅದನ್ನೂ ಕಿತ್ತುಕೊಳ್ಳುವುದು ತಪ್ಪು. ತಿಂಗಳು ತಿಂಗಳು ದುಡ್ಡು ಕಟ್ಟುವ ನಾವು ಇದನ್ನು ಕೇಳಬೇಕು. ಹೆಸರುಗಳು ಪೂರ್ತಿ ಬರಲಿ, ಬೇಡ ಅನ್ನುವವರು ಬಟನ್ ಒತ್ತಿ ಮುಂದೆ ಹೋಗಲಿ. ಈಗ ಇರುವುದು ಉಲ್ಟಾ. ಅಲ್ಲಿವರೆಗೆ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಎಷ್ಟೋ ಆಪ್‌ಗಳಲ್ಲಿ ಆ ಅವಕಾಶ ಇದೆ. ಮೂಲೆಯ ಪುಟ್ಟ ಚಿತ್ರ ಒತ್ತಿದರೂ ಸಾಮಾನ್ಯವಾಗಿ ಮತ್ತೆ ದೊಡ್ಡದಾಗುತ್ತದೆ.

ಆ ರಾತ್ರಿ ನಾನು ಕೊನೆಯ ನಾಲ್ಕು ನಿಮಿಷ ಮತ್ತೆ ಹಾಕಿದೆ. ಅಣ್ಣನ ಹೆಸರು ಸಿಕ್ಕಿತು. ನಿಲ್ಲಿಸಿ ಫೋಟೋ ತೆಗೆದೆ. ಬೆಳಿಗ್ಗೆ ಹಾಲಿನ ಅಂಗಡಿ ಹತ್ತಿರ ತೋರಿಸಿದಾಗ ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಆಮೇಲೆ ಅದರ ಕೆಳಗಿನ ಹೆಸರಿಗೆ ಬೆರಳಿಟ್ಟು, "ಇವನು ಹೋಗಿ ಎರಡು ವರ್ಷ ಆಯ್ತು ಕಣಪ್ಪ, ಇದನ್ನ ಅವರ ಮನೆಗೂ ಕಳಿಸ್ತೀಯಾ?" ಅಂದರು.